ಗೋಡೆ ದಾಟಿದ ಬಳ್ಳಿ, ಖಾಲಿ ಹೋಗದ ಡಬ್ಬಿ

ಜಗಳವಾಡಲೂ ಒಂದು ಯೋಗ್ಯತೆ ಬೇಕು, ಅದು ನನ್ನಲ್ಲಿಲ್ಲ. ಮೂವತ್ತೈದು ವರ್ಷ ಕಚೇರಿಯಲ್ಲಿ ಕೂತು ‘ಈ ಮೂಲಕ ತಮ್ಮ ಗಮನಕ್ಕೆ ತರಲಾಗಿದೆ’ ಎಂದು ಖಡಕ್ಕಾಗಿ ಬರೆದವನು, ಎದುರಿಗೆ ಮನುಷ್ಯರು ನಿಂತರೆ ‘ಊಟ ಆಯ್ತಾ’ ಎಂದು ಕೇಳಿ ವಾಪಸು ಬರುತ್ತೇನೆ. ಈ ದೌರ್ಬಲ್ಯವನ್ನು ಮೊದಲು ಪತ್ತೆ ಹಚ್ಚಿದವಳು ನನ್ನ ಹೆಂಡತಿ. ಆಮೇಲೆ, ಪಕ್ಕದ ಮನೆಯ ಐವಿ ಬಳ್ಳಿ.

ನಾವಿರುವುದು ಸಹಕಾರನಗರದಲ್ಲಿ. ಪಕ್ಕದ ಮನೆಯ ಗಂಗಮ್ಮನವರು ಇದು ಇನ್ನೂ ಹೊಲವಾಗಿದ್ದ ಕಾಲದವರು. ನಮ್ಮ ಅಡುಗೆಮನೆ ಇರುವ ಜಾಗದಲ್ಲಿ ಅವರ ಮಾವ ರಾಗಿ ಬಿತ್ತುತ್ತಿದ್ದರಂತೆ. ಅಂಥವರ ಮುಂದೆ ನಿಂತು ‘ನಿಮ್ಮ ಬಳ್ಳಿ ನಮ್ಮ ಗಡಿ ದಾಟಿದೆ’ ಎನ್ನಲು ಯಾವ ಬಾಯಿ? ಬಳ್ಳಿಗೆ ಮಾತ್ರ ಇಂಥ ಸಂಕೋಚವಿರಲಿಲ್ಲ. ಕಾಂಪೌಂಡ್ ಹತ್ತಿತು, ಇಳಿಯಿತು, ನಮ್ಮ ಗೋಡೆಗೆ ಬೇರಿನ ಉಗುರೂರಿ, ನಾನು ಪೇಪರ್ ಓದುವ ಕೋಣೆಯ ಏಕೈಕ ಕಿಟಕಿಯನ್ನು ಸ್ವಾಧೀನಪಡಿಸಿಕೊಂಡಿತು. ಬೆಳಗಿನ ಹತ್ತು ಗಂಟೆಗೂ ಲೈಟ್ ಹಾಕಿ ಕೂರಬೇಕಾಯಿತು. ದೃಷ್ಟಿ ಮಂದವಾಯಿತೆಂದು ಕಣ್ಣಿನ ಡಾಕ್ಟರ ಬಳಿ ಹೋದರೆ, “ಕಣ್ಣು ಸರಿಯಾಗೇ ಇದೆ, ಬೆಳಕಲ್ಲಿ ಕೂತ್ಕೊಂಡು ಓದಿ ಸಾರ್” ಎಂದರು.

“ಹೋಗಿ ಹೇಳಿ ಬನ್ನಿ. ಅವರೇನು ಹುಲೀನಾ?” ಎಂದಳು ಹೆಂಡತಿ. ಹೋದೆ. ಗೇಟಿನಲ್ಲಿ ನಿಂತು ಗಂಟಲು ಸರಿಮಾಡಿಕೊಂಡೆ. ಹೊರಬಂದದ್ದು, “ಬಳ್ಳಿ ಭಾರಿ ಚೆನ್ನಾಗಿ ಬಂದಿದೆ ಗಂಗಮ್ಮನವರೇ” ಎಂಬ ಮಾತು. ಅದನ್ನು ನಾನು ಪೀಠಿಕೆ ಎಂದುಕೊಂಡಿದ್ದೆ. ವಿಷಯಕ್ಕೆ ಬರುವಷ್ಟರಲ್ಲಿ ಅವರು ಒಳಗೆ ಹೋಗಿ ಹಿತಕಿದ ಅವರೆಬೇಳೆ ಸಾರಿನ ಡಬ್ಬಿ ತಂದು ಕೈಗಿಟ್ಟರು.

ಪಕ್ಕದ ಮನೆಯ ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದು. ಇದು ಸಂವಿಧಾನದಲ್ಲಿಲ್ಲ; ಆದ್ದರಿಂದ ತಿದ್ದುಪಡಿಗೂ ಅವಕಾಶವಿಲ್ಲ. ಹೆಂಡತಿ ಅದಕ್ಕೆ ಕೋಡುಬಳೆ ತುಂಬಿದಳು. ಕೋಡುಬಳೆ ಕೊಡುತ್ತ ದೂರು ಹೇಳುವುದು ಹೇಗೆ? ಅವರು ಅದಕ್ಕೆ ಕಜ್ಜಾಯ ತುಂಬಿ ಕಳಿಸಿದರು. ಕಜ್ಜಾಯ ತಿಂದ ಬಾಯಲ್ಲಿ ತಕರಾರು ಹೊರಡುವುದು ಹೇಗೆ? ಅವರೆಕಾಯಿಯ ಕಾಲ ಮುಗಿದು ಮಾವಿನ ಕಾಲ ಬಂದರೂ ಡಬ್ಬಿ ಓಡಾಡುತ್ತಲೇ ಇತ್ತು. ಅಷ್ಟರಲ್ಲಿ ಬಳ್ಳಿ ಸರಳುಗಳೊಳಗೆ ಕೈ ತೂರಿಸಿ, ನೇತುಹಾಕಿದ್ದ ನನ್ನ ಶರ್ಟಿನ ತೋಳು ಹಿಡಿದಿತ್ತು.

ಕೊನೆಗೆ ಒಂದು ಭಾನುವಾರ, ಡಬ್ಬಿ ಅವರ ಮನೆಯಲ್ಲೇ ಇರುವ ಸುಮುಹೂರ್ತ ನೋಡಿ, ಬರಿಗೈಯಲ್ಲಿ ಹೋದೆ. ಗಂಗಮ್ಮನವರು ಬಳ್ಳಿಯ ಬುಡಕ್ಕೆ ಸಗಣಿ ನೀರು ಹೊಯ್ಯುತ್ತಿದ್ದರು.

“ನೋಡಿ ಸಾಮಿ, ನಿಮಗೋಸ್ಕರನೇ ಸಾಕ್ತಾ ಇವ್ನಿ. ನನ್ ಮಗ ಕಿತ್ತಾಕ್ತೀನಿ ಅಂತ ದಿನಾ ಕುಣೀತಾನೆ. ಬ್ಯಾಡ ಕಣ್ಲಾ, ಪಕ್ಕದ್ಮನೆ ಸಾಮಿ ಆಸೆ ಪಟ್ಟವ್ರೆ ಅಂತ ನಾನೇ ನಿಮ್ ಕಿಟಕಿ ಕಡೀಕೆ ಅಬ್ಬಿಸ್ದೆ.”

ಆಯುಷ್ಯದಲ್ಲಿ ಮೊದಲ ಬಾರಿಗೆ ಪೀಠಿಕೆಯಿಲ್ಲದೆ ಮಾತಾಡಿದೆ. “ಕೋಣೇಲಿ ಬೆಳಕೇ ಇಲ್ಲ ಗಂಗಮ್ಮನವರೇ.”

ಅವರು ಬಕೆಟ್ ಕೆಳಗಿಟ್ಟು ನನ್ನನ್ನೇ ನೋಡಿದರು. “ಅಷ್ಟ್ ಓದಿರೋರು, ಇದೊಂದ್ ಮಾತು ಯೋಳಕ್ಕೆ ಆರ್ ತಿಂಗಳು ಬೇಕಾಯ್ತಾ? ನಂಗೂ ಈ ಸೊಪ್ಪು ಕಂಡ್ರೆ ಆಗಕ್ಕಿಲ್ಲ. ಸಾರಿಗೂ ಬರಲ್ಲ, ದನಾನೂ ತಿನ್ನಲ್ಲ.”

ಕುಡುಗೋಲು ಬಂತು. ಅವರು ಕತ್ತರಿಸಿದರು, ನಾನು ಎಳೆದೆ; ಬಳ್ಳಿಯ ಜೊತೆ ನಮ್ಮ ಗೋಡೆಯ ಬಣ್ಣವೂ ಒಂದಿಷ್ಟು ಬಂತು. ಬುಡ ಕಿತ್ತ ಗುಂಡಿಯಲ್ಲಿ ಹೀರೆ ಬೀಜ ಹಾಕುವುದೆಂದೂ, ಬಳ್ಳಿಯನ್ನು ಕಾಂಪೌಂಡಿನಿಂದ ಮೇಲೆ ಬಿಡುವುದಿಲ್ಲವೆಂದೂ, ನಮ್ಮ ಕಡೆ ಬಿಟ್ಟ ಕಾಯಿ ನಮ್ಮದೇ ಎಂದೂ ಗಂಗಮ್ಮನವರು ಅಲ್ಲೇ ತೀರ್ಪು ಕೊಟ್ಟರು.

ಮನೆಗೆ ಬಂದು ನೋಡಿದರೆ ಕೋಣೆಯ ತುಂಬ ಬಿಸಿಲು. ರಾಜ್ಯ ಗೆದ್ದವನಂತೆ ಕುರ್ಚಿಯಲ್ಲಿ ಕೂತು ಪೇಪರ್ ಬಿಡಿಸಿದೆ. ಹಿಂದೆಯೇ ಬಂದ ಹೆಂಡತಿ ಬಾಗಿಲಲ್ಲೇ ನಿಂತಳು. ಅವಳ ಕಣ್ಣು ಕಪಾಟಿನ ಮೇಲಿನ ಧೂಳು, ಮೂಲೆಯ ಜೇಡರ ಬಲೆ, ಮೇಜಿನಡಿ ಒಣಗಿ ನಿಂತ ಮೂರು ಕಾಫಿ ಲೋಟಗಳನ್ನು ಒಂದೊಂದಾಗಿ ಸಮೀಕ್ಷೆ ಮಾಡಿತು. ಒಳಗೆ ಹೋಗಿ ಪೊರಕೆ ತಂದು ಕೈಗಿಟ್ಟಳು.

ಪೇಪರನ್ನು ಸಂಜೆ ಓದಿದೆ, ಲೈಟ್ ಹಾಕಿಕೊಂಡು.