ಸಿಸೂಕನ ಮೂವತ್ತೆರಡನೆಯ ಖ್ವನ್

ಕೇವ್ಮಣಿ: ಬೆಳಿಗ್ಗೆಯಿಂದ ಬುದ್ಧವಿಹಾರದ ಮೆಟ್ಟಿಲ ಮೇಲೆ ಬಲೆ ಎಳೆದೂ ಎಳೆದೂ ನನ್ನ ಸೊಂಟ ಬಿದ್ದುಹೋಯ್ತು. ಸಿಕ್ಕಿದ್ದೇನು? ಎರಡು ಒಣಗಿದ ಎಲೆ, ಒಂದು ಸಿಗರೇಟು ತುಂಡು. ನಿಜ ಹೇಳ್ರೀ, ನೀವು ಬಿದ್ದಿದ್ದು ಅಲ್ಲೇನಾ?

ಸಿಸೂಕ್: ಅಲ್ಲೇ ಕಣೆ. ಮೂರನೇ ಮೆಟ್ಟಿಲು.

ಕೇವ್ಮಣಿ: ನಿನ್ನೆ ಐದನೇದು ಅಂದ್ರಿ.

ಸಿಸೂಕ್: ಜಾರಿದ್ದು ಐದರಲ್ಲಿ, ನಿಂತಿದ್ದು ಮೂರರಲ್ಲಿ. ಬೀಳೋನು ಎಣಿಸ್ಕೊಂಡು ಬೀಳ್ತಾನೇನೆ?

ನಾನು ಈ ಗಂಡ ಹೆಂಡಿರ ಪಕ್ಕದ ಮನೆಯವಳು. ಮಧ್ಯಾಹ್ನದ ಪೂಜೆಗೆ ಬಾಳೆಲೆಯ ಗೋಪುರ ಕಟ್ಟಿಕೊಡಲು ಬಂದು ಜಗುಲಿಯ ಮೂಲೆಯಲ್ಲಿ ಕುಳಿತಿದ್ದೆ. ಎಲೆ ಮಡಚುವ ಕೆಲಸಕ್ಕೆ ಕೈ ಸಾಕು, ಕಿವಿಗೆ ಬಿಡುವಿರುತ್ತದೆ. ನಮ್ಮ ಕಡೆಯ ನಂಬಿಕೆಯಂತೆ ಮನುಷ್ಯನ ಮೈಯಲ್ಲಿ ಮೂವತ್ತೆರಡು ಖ್ವನ್, ಅಂದರೆ ಜೀವಕಳೆಗಳು, ಇರುತ್ತವೆ. ಬಿದ್ದಾಗಲೋ ಬೆಚ್ಚಿದಾಗಲೋ ಅದರಲ್ಲೊಂದು ಹೊರಗೆ ಹಾರಿ ಅದೇ ಜಾಗದಲ್ಲಿ ಕುಕ್ಕರಿಸಿಬಿಡುತ್ತದೆ. ಮೀನು ಹಿಡಿಯುವ ಕೈಬಲೆಯಿಂದ ಅದನ್ನು ಗೋರಿ ಮನೆಗೆ ತಂದು, ಮಣಿಕಟ್ಟಿಗೆ ಬಿಳಿ ದಾರ ಕಟ್ಟಿ ಮತ್ತೆ ಒಳಗೆ ಕೂರಿಸಬೇಕು. ಸಿಸೂಕ್ ಬಿದ್ದು ನಾಲ್ಕು ದಿನವಾಗಿತ್ತು. ಅಂದಿನಿಂದ ಅವನಿಗೆ ಅನ್ನ ಸೇರದು, ಹುಟ್ಟು ಹಿಡಿದರೆ ಕೈ ಗಡಗಡ. ನಾಡಿದ್ದು ಮೆಕಾಂಗ್ ಮೇಲೆ ದೋಣಿ ಪಂದ್ಯ. ಹದಿನೇಳು ವರ್ಷದಿಂದ ನಮ್ಮೂರ ದೋಣಿಯ ಚುಕ್ಕಾಣಿ ಅವನದೇ. ಆದರೆ ಖ್ವನ್ ಮರಳದವನನ್ನು ದೋಣಿ ಹತ್ತಿಸುವುದಿಲ್ಲ ಎಂದು ಊರಿನವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಮಂತ್ರ ಹೇಳುವ ಲೂನ್ ಅಜ್ಜ ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿದು ಬೆಳಕಿಗೆ ಹಿಡಿದರು.

ಲೂನ್ ಅಜ್ಜ: ನೋಡಮ್ಮ. ತಲೆಯಲ್ಲಿ ಇಷ್ಟು ದೊಡ್ಡ ಹಳ್ಳ. ಖ್ವನ್ ಬಂದಿದ್ರೆ ಮೊಟ್ಟೆ ನುಣ್ಣಗೆ ಇರ್ತಿತ್ತು. ಅದು ವಿಹಾರದ ಹತ್ರ ಸುಳಿದೇ ಇಲ್ಲ.

ಕೇವ್ಮಣಿ: ಕೇಳಿದ್ರಾ? ಮೊಟ್ಟೆ ಸುಳ್ಳು ಹೇಳಲ್ಲ.

ಸಿಸೂಕ್: ಕೋಳಿ ಯಾರದು ಕೇಳು. ನಿಮ್ಮಣ್ಣನ ಮನೇದಲ್ವಾ? ಆ ಮನೆ ಮೊಟ್ಟೆ ಯಾವಾಗ ನನ್ನ ಪರವಾಗಿ ಮಾತಾಡಿದೆ?

ಕೇವ್ಮಣಿ: ನಮ್ಮಣ್ಣನ ಸುದ್ದಿಗೆ ಬರಬೇಡಿ!

ಸಿಸೂಕ್: ಅಜ್ಜಾ, ಹೋಗಿದ್ದು ಒಂದು ತಾನೆ? ಮೂವತ್ತೊಂದು ಉಳಿದಿದೆ. ದಾರ ಕಟ್ಟಿ ಮುಗಿಸಿಬಿಡಿ.

ಕೇವ್ಮಣಿ: ಮೂವತ್ತೆರಡಿದ್ದಾಗಲೇ ಕರೆದ್ರೆ ಮೂರು ಸಲಕ್ಕೆ ಓ ಅಂತಿದ್ರಿ. ಇನ್ನು ಮೂವತ್ತೊಂದು ಇಟ್ಕೊಂಡು ನಾನೇನು ಮಾಡ್ಲಿ?

ಸಿಸೂಕ್ ತಲೆ ಬಗ್ಗಿಸಿ ನೆತ್ತಿಯನ್ನು ಅಜ್ಜನ ಮೂಗಿನ ಬಳಿಗೇ ತಂದ.

ಸಿಸೂಕ್: ಹೊಳೆಯಾಚೆ ಥಾಯ್‌ಗಳು ಖ್ವನ್ ಅನ್ನೋದು ಯಾವುದಕ್ಕೆ? ಈ ನೆತ್ತಿ ಸುಳಿಗೆ. ಆ ದಡದ ನೋಂಗ್‌ಖಾಯ್ ಪೇಟೇಲಿ ಕ್ಷೌರ ಮಾಡೋನು ಬೆರಳಿಟ್ಟು ತೋರಿಸಿದಾನೆ. ನೋಡಿ, ಇದ್ದ ಜಾಗದಲ್ಲೇ ಇದೆ. ಎಲ್ಲೂ ಹೋಗಿಲ್ಲ.

ಲೂನ್ ಅಜ್ಜ: ನಾವೂ ಹಾಗೇ ಅಂತೀವಪ್ಪ. ಆದ್ರೆ ಅದು ಬಾಗಿಲು. ಬಾಗಿಲು ಇದ್ದ ಮಾತ್ರಕ್ಕೆ ಒಳಗೆ ಜನ ಇದಾರೆ ಅಂತಲ್ಲ.

ಕೇವ್ಮಣಿ: ಇವರ ಮಟ್ಟಿಗೆ ಬಹಳ ವರ್ಷದಿಂದ ಖಾಲಿ ಮನೆ.

ಸಿಸೂಕ್: ಸರಿ, ಅದು ಬಿಡಿ. ಹೊಸ ವರ್ಷಕ್ಕೆ ಕೊಡೋ ಉಡುಗೊರೆಗೆ ಅವರು ಖ್ವನ್‌ನ ಸಾಮಾನು ಅಂತಾರಲ್ಲ? ಅಂದ್ರೆ ಖ್ವನ್‌ಗೆ ಉಡುಗೊರೆ ಅಂದ್ರೆ ಪ್ರಾಣ. ಒಂದು ಒಳ್ಳೆ ಅಂಗಿ ತಂದು ಜಗುಲಿ ಮೇಲೆ ಇಡೋಣ, ತಾನೇ ಹುಡುಕ್ಕೊಂಡು ಬರುತ್ತೆ. ಬಲೆ ಯಾಕೆ?

ಕೇವ್ಮಣಿ: ಇಪ್ಪತ್ತಾರು ವರ್ಷದಲ್ಲಿ ನನ್ನ ಖ್ವನ್‌ಗೆ ಏನು ತಂದ್ರಿ? ಒಂದು ಬೀಸಣಿಗೆ. ಅದೂ ಗೊಬ್ಬರದ ಅಂಗಡಿಯವರು ಪುಕ್ಕಟೆ ಹಂಚಿದ್ದು.

ಸಿಸೂಕ್: ಗಾಳಿ ಬರ್ತಿತ್ತೋ ಇಲ್ವೋ?

ಕೇವ್ಮಣಿ: ಗೊಬ್ಬರದ ಮೂಟೆ ಚಿತ್ರ ಬೀಸ್ಕೊಂಡು ಮದುವೆ ಮನೇಲಿ ಕೂತಿದ್ದೆ ನಾನು!

ಅಜ್ಜ ನಕ್ಕುಬಿಟ್ಟರು. ಅಜ್ಜನ ನಗು ಕಂಡು ಸಿಸೂಕನಿಗೆ ಧೈರ್ಯ ಬಂತು. ನೆಪ ಹುಡುಕುತ್ತಾ ಅವನು ಇನ್ನೂ ದೂರ ಓಡಿದ, ಹಿಮಾಲಯದವರೆಗೆ.

ಸಿಸೂಕ್: ಅಜ್ಜಾ, ನೀವು ಭಿಕ್ಷುವಾಗಿದ್ದಾಗ ಗಯೆಯಲ್ಲಿ ಒಬ್ಬ ಟಿಬೆಟಿನ ಲಾಮಾ ಸಿಕ್ಕಿದ್ರು ಅಂತಿದ್ರಲ್ಲ? ಅವರಲ್ಲಿ ಖ್ವನ್‌ಗೆ ಏನಂತಾರೆ?

ಲೂನ್ ಅಜ್ಜ: ಲಾ ಅಂತಾರೆ. ಹೆಸರು ಬೇರೆ, ಹೆಚ್ಚು ಕಮ್ಮಿ ನಮ್ಮದೇ ಸಂಗತಿ. ಅವರ ಲಾ ಸರೋವರದಲ್ಲೂ ಇರುತ್ತೆ, ಮರದಲ್ಲೂ ಇರುತ್ತೆ, ಕೊರಳಿನ ಹಸಿರು ಕಲ್ಲಲ್ಲೂ ಇರುತ್ತೆ.

ಸಿಸೂಕ್: ಮನುಷ್ಯ ಮಾತ್ರ ಗಟ್ಟಿಮುಟ್ಟಾಗಿ ಓಡಾಡ್ಕೊಂಡಿರ್ತಾನೆ. ಹೌದಲ್ವಾ? ಹಾಗೇ ನಂದೂ ಎಲ್ಲೋ ಒಂದು ಕಡೆ ನೆಮ್ಮದಿಯಾಗಿದೆ ಅಂತ ತಿಳ್ಕೊಳ್ಳೋಣ. ಎಲ್ಲಿದೆ ಅಂತ ಯಾಕೆ ಕೆದಕಬೇಕು?

ಲೂನ್ ಅಜ್ಜ: ಅಲ್ಲಿ ಸರೋವರ ಬತ್ತಿದ್ರೆ ಮನುಷ್ಯ ಮಲಗಿಬಿಡ್ತಾನೆ. ಲಾ ಕಳೆದುಹೋದ್ರೆ ಅವರೂ ಕರೀತಾರಪ್ಪ. ಬೆಣ್ಣೇಲಿ ಕುರಿ ಮಾಡಿ ನೀರಲ್ಲಿ ತೇಲಿಬಿಡ್ತಾರೆ. ಕುರಿ ಮುಖ ರೋಗಿ ಕಡೆ ತಿರುಗಿದ್ರೆ ಬಂತು ಅಂತ ಲೆಕ್ಕ.

ಕೇವ್ಮಣಿ: ಇವರ ಕುರಿ ಯಾವ ಕಡೆ ತಿರುಗುತ್ತೋ ನೋಡ್ಬೇಕು ನಂಗೆ.

ಲೂನ್ ಅಜ್ಜ: ನೋಡು ಸಿಸೂಕ್, ಥಾಯ್ ಆಯ್ತು, ಟಿಬೆಟ್ ಆಯ್ತು. ಇನ್ನು ಚೀನಾಕ್ಕೆ ಹೋಗ್ಬೇಡ, ನಂಗೆ ಮಂಡಿ ನೋವು. ನಿಜವಾದ ಜಾಗದ ಹೆಸರು ಹಿಡಿದು ಕರೀದೇ ಇದ್ರೆ ಅದು ಏಳಲ್ಲ. ಏಳದೇ ಇದ್ರೆ ನಾಡಿದ್ದು ಚುಕ್ಕಾಣಿ ಹಿಡಿಯೋನು ನೀನಲ್ಲ, ನಿನ್ನ ತಮ್ಮ.

ಸಿಸೂಕನ ಮುಖ ಸಪ್ಪಗಾಯಿತು. ಅವನ ತಮ್ಮ ಹೋದ ವರ್ಷ ಖಾಲಿ ದೋಣಿಯನ್ನೇ ದಡಕ್ಕೆ ಗುದ್ದಿದವನು. ಹದಿನೇಳು ವರ್ಷ ಕೂತ ಜಾಗದಲ್ಲಿ ಅಂಥವನು ಕೂರುವುದೆಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಪಾಪ ಅನ್ನಿಸಿತು ನನಗೆ. ಅವನು ಅಜ್ಜನ ಕಿವಿಯ ಹತ್ತಿರ ಬಾಯಿ ತಂದ.

ಲೂನ್ ಅಜ್ಜ: ಗುಟ್ಟಾಗಿ ಹೇಳಿ ಏನು ಪ್ರಯೋಜನ? ಮಧ್ಯಾಹ್ನ ಇಡೀ ಕೇರಿ ಕೂತಿರುವಾಗ ನಾನು ಕೂಗಿ ಹೇಳೋದೇ.

ಸಿಸೂಕ್: ಸೆಂಗ್ದಾವಳ ಶಾವಿಗೆ ಅಂಗಡಿ. ಹಿಂದಿನ ಮೆಟ್ಟಿಲು.

ನನ್ನ ಕೈಯಲ್ಲಿದ್ದ ಬಾಳೆಲೆ ಪರ್ರನೆ ಹರಿಯಿತು.

ಕೇವ್ಮಣಿ: ಯಾರ ಅಂಗಡಿ?

ಸಿಸೂಕ್: ಕೇಳಿಸ್ತಲ್ಲ.

ಕೇವ್ಮಣಿ: ನಾನು ಉಪ್ಪು ಹಾಕಿ ಹುಳಿ ಬರಿಸಿದ ಮೀನನ್ನ ಊರವರ ಮುಂದೆ ಮೂಸಿ, ನಾಯಿಗೆ ಹಾಕು ಅಂದವಳ ಅಂಗಡಿ! ಈ ಮನೆಯವರು ಅವಳ ಹೊಸ್ತಿಲು ತುಳಿಯಲ್ಲ ಅಂತ ಬುದ್ಧನ ಮುಂದೆ ಆಣೆ ಇಟ್ಟು ಮೂರು ವರ್ಷ ಆಯ್ತು!

ಸಿಸೂಕ್: ಅದಕ್ಕೇ ಹಿಂದಿನ ಬಾಗಿಲಿಂದ ಹೋಗಿದ್ದೆ ಕಣೆ. ಅಲ್ಲಿ ಹೊಸ್ತಿಲಿಲ್ಲ.

ಕೇವ್ಮಣಿ: ಎಷ್ಟು ದಿನದಿಂದ?

ಸಿಸೂಕ್: ಮಂಗಳವಾರ ಮಂಗಳವಾರ ಅಷ್ಟೇ.

ಕೇವ್ಮಣಿ: ಮಂಗಳವಾರ ನಿಮಗೆ ಹೊಟ್ಟೆ ಸರಿಯಿಲ್ಲ ಅಂತ ನಾನು ಗಂಜಿ ಕಾಯಿಸಿ ಇಟ್ಕೊಂಡು ಕಾಯ್ತಿದ್ದೆ! ಏನಿದೆ ಅವಳ ಸಾರಲ್ಲಿ, ನನ್ನ ಕೈಯಲ್ಲಿ ಇಲ್ಲದ್ದು?

ಸಿಸೂಕ್: ಹುರಿದ ಬೆಳ್ಳುಳ್ಳಿ.

ಕೇವ್ಮಣಿ ಕೈಬಲೆಯನ್ನು ಎತ್ತಿದಳು. ಅದು ಖ್ವನ್ ಗೋರುವುದಕ್ಕಂತೂ ಅಲ್ಲ. ಅಜ್ಜ ನಡುವೆ ಕೈ ಚಾಚಿದರು.

ಲೂನ್ ಅಜ್ಜ: ತಡಿಯಮ್ಮ, ಮೊದಲು ಪೂರ್ತಿ ಕೇಳೋಣ. ಬರೀ ಬಿದ್ದೆಯೋ, ಬೆಚ್ಚಿ ಬಿದ್ದೆಯೋ?

ಸಿಸೂಕ್: ಬೆಚ್ಚಿ ಬಿದ್ದೆ ಅಜ್ಜ. ಅಡಿಗೆಮನೆ ಪರದೆ ಹಿಂದೆ ಕೂತು ಎರಡನೇ ಬಟ್ಟಲು ಎತ್ತಿದ್ದೆ. ಮುಂದಿನ ಬಾಗಿಲಿಂದ ಒಬ್ಬ ಹೆಂಗಸು ಬಂದ್ಲು. ಮುಖದ ತುಂಬ ಚೌಕುಳಿ ಬಟ್ಟೆ ಸುತ್ತಿಕೊಂಡು, ಮೇಲೆ ಒಂದು ಹುಲ್ಲಿನ ಟೋಪಿ. ಗೋಡೆ ಕಡೆ ಮುಖ ಮಾಡಿ ಕೂತ್ಲು. ಇವಳ ಮಹಿಳಾ ಸಂಘದವಳೇ ಯಾರೋ ಇರ್ಬೇಕು, ನನ್ನ ಕಂಡ್ರೆ ಸಂಜೆಯೊಳಗೆ ವರದಿ ಮುಟ್ಟುತ್ತೆ ಅಂತ ಎದೆ ಝಲ್ಲಂತು. ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟೆ. ತೊಳೆಯೋಕೆ ಇಟ್ಟಿದ್ದ ಪಾತ್ರೆ ರಾಶಿ ಸಮೇತ ಕೆಳಗೆ ಉರುಳಿದೆ.

ಲೂನ್ ಅಜ್ಜ: ಆ ಹೆಂಗಸು ನೋಡಿದಳೇನು?

ಸಿಸೂಕ್: ಇಲ್ಲ. ಸದ್ದಿಗೆ ಕಿಟಾರನೆ ಕಿರುಚಿದ್ಲು. ಬಟ್ಟಲು ಒಡೆದ ಸದ್ದೂ ಕೇಳಿಸ್ತು. ನಾನು ತಿರುಗೀನೂ ನೋಡದೆ ಗದ್ದೆ ಹಾರಿ ಓಡಿದೆ.

ಲೂನ್ ಅಜ್ಜ: ಛೆ, ಹಾಗಾದ್ರೆ ಅವಳದೂ ಒಂದು ಅಲ್ಲೇ ಬಿದ್ದಿರುತ್ತೆ. ಅವಳಿಗೂ ಊಟ ಸೇರ್ತಿರಲ್ಲ, ನಿದ್ದೆ ಹತ್ತಿರಲ್ಲ. ಯಾರ ಮನೆ ಹೆಣ್ಣೋ, ಪಾಪ.

ಬೈಗುಳದ ಮುಂದಿನ ಕಂತಿಗಾಗಿ ನಾನು ಕಾಯುತ್ತಿದ್ದೆ. ಅದು ಬರಲಿಲ್ಲ. ಕೇವ್ಮಣಿ ಬಲೆಯ ಕಣ್ಣುಗಳನ್ನು ಒಂದೊಂದಾಗಿ ಬಿಡಿಸುತ್ತಾ ಕುಳಿತಿದ್ದಳು. ಅದರಲ್ಲಿ ಒಂದೂ ಸಿಕ್ಕು ಇರಲಿಲ್ಲ.

ಕೇವ್ಮಣಿ: ಅಜ್ಜಾ... ಹೆಸರು ಹೇಳದೇನೂ ಕರೀಬಹುದಾ?

ಲೂನ್ ಅಜ್ಜ: ಇಲ್ಲಮ್ಮ. ಹೆಸರಿಲ್ಲದೆ ಕರೆದ್ರೆ ಬೀದೀಲಿರೋದೆಲ್ಲ ಒಳಗೆ ಬಂದು ಕೂರುತ್ತೆ.

ಕೇವ್ಮಣಿ: ಮೆಲ್ಲಗೆ ಹೇಳಿದ್ರೆ?

ಸಿಸೂಕ್: ಯಾರ ಹೆಸರನ್ನೇ?

ಕೇವ್ಮಣಿ: ನೀವು ಸುಮ್ನಿರ್ರೀ.

ಸಿಸೂಕ್ ಹೆಂಡತಿಯ ಮುಖ ನೋಡಿದ. ಆಮೇಲೆ ಅವಳ ಕೈ ನೋಡಿದ. ಬಲೆ ಹಿಡಿದ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಅವನ ಬಾಯಿ ನಿಧಾನವಾಗಿ ತೆರೆದುಕೊಂಡಿತು. ಅಂಥ ನಗುವನ್ನು ನಾಲ್ಕು ದಿನದಿಂದ ಆ ಮುಖದಲ್ಲಿ ನಾನು ಕಂಡಿರಲಿಲ್ಲ.

ಸಿಸೂಕ್: ಬುದ್ಧನ ಮುಂದೆ ಆಣೆ ಇಟ್ಟಿದ್ದು ಯಾರು ಅಂದೆ?

ಕೇವ್ಮಣಿ: ಅವಳ ಸಾರು ಎಷ್ಟು ಕೆಟ್ಟದಾಗಿದೆ ಅಂತ ತಿಳ್ಕೊಳ್ಳೋಕೆ ಹೋಗಿದ್ದೆ.

ಸಿಸೂಕ್: ತಿಳೀತಾ?

ಕೇವ್ಮಣಿ: ಎಲ್ಲಿ ತಿಳೀತು? ಎರಡು ಗುಟುಕು ಕುಡಿಯೋಷ್ಟರಲ್ಲಿ ಹಿಂದೆ ಯಾವನೋ ಪಾತ್ರೆ ರಾಶಿ ಬೀಳಿಸಿದ!

ಅಜ್ಜ ಕೆಮ್ಮಿದರು. ಕೆಮ್ಮೋ ನಗುವೋ, ದೇವರಿಗೇ ಗೊತ್ತು.

ಲೂನ್ ಅಜ್ಜ: ಹಿಂದಿನ ಮೆಟ್ಟಿಲಲ್ಲಿ ಒಂದು, ಮುಂದಿನ ಬೆಂಚಲ್ಲಿ ಒಂದು. ಮಧ್ಯಾಹ್ನದ ಪೂಜೆಗೆ ಮೊದಲು ಇಬ್ಬರೂ ಹೋಗಿ ಗೋರ್ಕೊಂಡು ಬನ್ನಿ. ಸೆಂಗ್ದಾವ ಎದುರಿಗೇ ನಿಂತಿರ್ತಾಳೆ, ಮಾತಾಡಿಸದೆ ಆಗಲ್ಲ. ಆಮೇಲೆ ನೀನು ದೋಣಿ ಹತ್ತಪ್ಪ.

ಕೇವ್ಮಣಿ ಎದ್ದು ಸೊಂಟಕ್ಕೆ ಸುತ್ತಿದ್ದ ಲಂಗ ಕೊಡವಿಕೊಂಡಳು. ಈ ಸಲ ಮುಖಕ್ಕೆ ಬಟ್ಟೆ ಸುತ್ತಿಕೊಳ್ಳಲಿಲ್ಲ. ಎರಡು ಮೆಟ್ಟಿಲು ಇಳಿದು ನಿಂತು, ಹಿಂದೆ ಬರುತ್ತಿದ್ದ ಗಂಡನ ಕಡೆ ತಿರುಗಿದಳು.

ಕೇವ್ಮಣಿ: ಬಲೆ ನಾನು ಹಿಡ್ಕೋತೀನಿ. ನೀವು ಒಳಗೆ ಹೋಗಿ ಊಟದ ಕ್ಯಾರಿಯರ್ ತಗೊಂಡು ಬನ್ನಿ. ಮೂರು ಡಬ್ಬಿದು.