ಅರಸನ ಮುಂದೆ ಹಾಡಬೇಕಾದವರು

ನಮ್ಮ ಸೋದರಮಾವ ಬೆಟಗೇರಿಯಲ್ಲಿ ಹುಟ್ಟಿ, ಬೆಟಗೇರಿಯಲ್ಲೇ ಸೀರೆ ನೇಯ್ದು, ಬೆಟಗೇರಿಯ ವಿಳಾಸದ ರೇಷನ್ ಕಾರ್ಡ್ ಇಟ್ಟುಕೊಂಡಿದ್ದರೂ ಈ ದೇಶದ ಪ್ರಜೆಯಾಗಿರಲಿಲ್ಲ! ಪೊಲೀಸರಿಗೆ ತಿಳಿಸುವಂಥದ್ದೇನೂ ಇಲ್ಲ, ಗಾಬರಿಯಾಗಬೇಡಿ. ಅವರ ಅರಸ ಬೇರೆ, ಅಷ್ಟೇ.

ಬೈಬಲ್ಲಿನ ಕೊನೆಯ ಪುಸ್ತಕದಲ್ಲಿ ಒಂದು ದರಬಾರು ಬರುತ್ತದೆ. ನಡುವೆ ಸಿಂಹಾಸನ, ಸುತ್ತ ಪಚ್ಚೆಯ ಬಣ್ಣದ ಮಳೆಬಿಲ್ಲು, ಮುಂದೆ ಗಾಜಿನಂಥ ಸಮುದ್ರ. ಬಿಳಿ ಬಟ್ಟೆಯ, ಚಿನ್ನದ ಕಿರೀಟದ ಇಪ್ಪತ್ತನಾಲ್ಕು ಹಿರಿಯರು. ಮೈತುಂಬ ಕಣ್ಣಿರುವ ನಾಲ್ಕು ಜೀವಿಗಳು. ಹಗಲೂ ರಾತ್ರಿ ನಿಲ್ಲದ ಹಾಡು. ನಾವೆಲ್ಲ ಚರ್ಚಿನಲ್ಲಿ ಇದನ್ನು ಕೇಳಿ, ಆಮೆನ್ ಅಂದು, ಮನೆಗೆ ಹೋಗಿ ಊಟ ಮಾಡುತ್ತೇವೆ. ಮಾಮಾ ಹಾಗಲ್ಲ. ಅವರಿಗೆ ಅದು ಲಕ್ಷ್ಮೇಶ್ವರದ ಪೇಟೆಯಷ್ಟೇ ಖಾತ್ರಿಯಾದ ಜಾಗ. ಅಲ್ಲಿಗೆ ಹೋಗುವ ಬಸ್ಸು ಇನ್ನೂ ಬಂದಿರಲಿಲ್ಲ, ಅಷ್ಟೇ. ಈಗ ಬಂದು ಹೋಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಪತ್ರಿಕೆಯೊಂದರ ಗದಗ ವರದಿಗಾರ. ಕಂಡದ್ದನ್ನು ಬರೆಯುವುದು, ಕಾಣದ್ದನ್ನು ಬಿಡುವುದು ನನ್ನ ಕೆಲಸ. ಮಾಮಾನದು ಇದಕ್ಕೆ ಪೂರ್ತಿ ಉಲ್ಟಾ ಕಸುಬು.

ಗದಗ ಜಿಲ್ಲೆಯಾದ ಹೊಸತು. ಊರೆಲ್ಲ ಪಟಾಕಿ. ನಾನು ಓಡಿ ಹೋಗಿ ಹೇಳಿದೆ. ಮಾಮಾ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂತವರು ಲಾಳಿ ನಿಲ್ಲಿಸಲಿಲ್ಲ.

"ಜಿಲ್ಲಾ ಆತೇನು? ಛಲೋ ಆತು. ಹೊಸಾ ಸಾಹೇಬರಿಗೆ ಹೊಸಾ ಕುರ್ಚಿ ಬರತಾವು. ನಮ್ಮ ಅರಸನ ಕುರ್ಚಿ ಮಾತ್ರ ಹಳೇದ ಐತಿ ಅಳಿಯಾ. ಅದು ವರ್ಗಾ ಆಗೂದಿಲ್ಲ."

ಆಮೇಲೆ ಹೊಸ ಜಿಲ್ಲೆಯ ಸಮಾರಂಭವೊಂದರಲ್ಲಿ ಹಿರಿಯ ನೇಕಾರರಿಗೆ ಸನ್ಮಾನವಾಯಿತು. ಸಾಲಿನಲ್ಲಿ ಮಾಮಾ ಮೊದಲು. ಮಂತ್ರಿಯೊಬ್ಬರು ಶಾಲು ಹೊದಿಸಿ, ಜರಿಯ ಪೇಟವನ್ನು ತಲೆಗಿಟ್ಟರು. ಮಾಮಾ ತಕ್ಷಣ ಅದನ್ನು ತೆಗೆದರು, ಮೊಣಕಾಲೂರಿದರು, ಪೇಟವನ್ನು ವೇದಿಕೆಯ ನೆಲಕ್ಕಿಟ್ಟು ಮೇಲೆ ನೋಡಿ ಕೈಮುಗಿದರು. ಆ ದರಬಾರಿನ ಹಿರಿಯರು ಮಾಡುವುದೇ ಹಾಗೆ. ಕಿರೀಟ ತೆಗೆದು ಸಿಂಹಾಸನದ ಮುಂದೆ ಹಾಕುತ್ತಾರೆ. ಇದು ನನಗೆ ಗೊತ್ತು. ಹಿಂದಿದ್ದ ನೇಕಾರರಿಗೆ ಹೇಗೆ ಗೊತ್ತಾಗಬೇಕು? ಅವರು ಇದನ್ನು ಸರಕಾರಿ ಪದ್ಧತಿ ಅಂದುಕೊಂಡರು! ಒಬ್ಬೊಬ್ಬರೇ ಬಂದರು, ಪೇಟ ಇಡಿಸಿಕೊಂಡರು, ತೆಗೆದು ನೆಲಕ್ಕಿಟ್ಟರು. ಮಂತ್ರಿಗಳ ಪಾದದ ಮುಂದೆ ಪೇಟಗಳ ಸಾಲು ಬೆಳೆಯಿತು. ಮೊದಲಿಗೆ "ಇರಲಿ, ಇರಲಿ" ಎಂದು ಆಶೀರ್ವದಿಸುತ್ತಿದ್ದ ಅವರ ಮುಖ ಬರಬರುತ್ತ ಬಿಳುಪೇರಿತು.

ಫೋಟೊ ನೋಡಿ ಸಂಪಾದಕರು ಫೋನ್ ಮಾಡಿದರು.

"ನೇಕಾರರ ಪ್ರತಿಭಟನೆಯೇನ್ರಿ ಇದು?"

"ಅಲ್ಲ ಸರ್, ಆರಾಧನೆ."

"ಬೇಡಿಕೆ ಏನು?"

"ಏನೂ ಇಲ್ಲ ಸರ್."

"ಬೇಡಿಕೆಯೇ ಇಲ್ಲ ಅಂದ್ರೆ ಸುದ್ದಿ ಹೆಂಗಾಗ್ತದೆ? ಬಿಡಿ."

ಸುದ್ದಿ ಬರಲಿಲ್ಲ. ಪೇಟವಿಲ್ಲದೆ ಮನೆಗೆ ಬಂದ ಗಂಡನಿಗೆ ಮಾಮಿ ಹೇಳಿದ್ದು ಇಷ್ಟೇ: "ಶಾಲ ಒಂದರ ತಂದೀರಲ್ಲ. ಅರಸಗ ಥಂಡಿ ಹತ್ತೂದಿಲ್ಲಂತ ಕಾಣತೈತಿ."

ಮಾಮಾನ ಮನೆಯಲ್ಲಿ ಸಾಗವಾನಿಯ ಒಂದು ಕುರ್ಚಿ ಇತ್ತು. ಮಾಡಿದವರು ಓಣಿಯ ಬಡಗಿ, ಮಾಮಾನ ಬಾಲ್ಯದ ಗೆಳೆಯ. ಊರಿಗೆಲ್ಲ ಅವರು ಭಾಯಿ. ಆ ಕುರ್ಚಿಯ ಮೇಲೆ ಯಾರೂ ಕೂರುವಂತಿರಲಿಲ್ಲ. ಯಾರೇ ಬಂದರೂ ಚಾಪೆ. ಒಮ್ಮೆ ಮಗ್ಗ ನೋಡಲು ಬಂದ ಅಧಿಕಾರಿಯೊಬ್ಬರು ಸೀದಾ ಅದರತ್ತ ನಡೆದರು. ಮಾಮಾ ಅಡ್ಡ ಬಂದರು.

"ಅದು ರಿಸರ್ವ್ ಐತ್ರಿ ಸಾಹೇಬ್ರ. ಚಾಪಿ ಮ್ಯಾಲ ಕುಂಡ್ರಿ."

"ಯಾರಿಗೆ ರಿಸರ್ವ್?"

"ನಿಮ್ಮಕಿಂತ ಮ್ಯಾಲಿನವರಿಗೆ."

ಅಧಿಕಾರಿ ಚಾಪೆಯ ಮೇಲೆ ಕೂತು, ಹೋಗುವವರೆಗೂ ಬಾಗಿಲ ಕಡೆಯೇ ನೋಡುತ್ತಿದ್ದರು. ಜಿಲ್ಲಾಧಿಕಾರಿ ಬರಬಹುದೆಂದೋ ಏನೋ!

ಭಾಯಿಗೂ ಮಾಮಾನಿಗೂ ದಿನಾ ಸಂಜೆ ಆ ದರಬಾರಿನದೇ ಚರ್ಚೆ.

"ಲೇ, ನಾಕ ಪ್ರಾಣಿ, ಮೈತುಂಬ ಕಣ್ಣು ಅಂತೀ. ವಯಸ್ಸಾದಮ್ಯಾಲ ಅಷ್ಟೂ ಕಣ್ಣಿಗೆ ಚಾಳೀಸ ಬಂದ್ರ ಚಷ್ಮಾ ಯಾರು ಮಾಡಿಕೊಡತಾರೋ?"

"ಅಲ್ಲಿ ವಯಸ್ಸ ಆಗೂದಿಲ್ಲೋ ಹುಚ್ಚಾ."

"ನಳದ ನೀರರ ಬರತೈತೇನು?"

"ನಳ ಯಾಕ ಬೇಕೋ? ಸಿಂಹಾಸನದ ಬುಡದಾಗಿಂದನ ನದಿ ಹರಿತೈತಿ. ಕೊರ್ಲಹಳ್ಳಿ ಹೊಳಿಯಿಂದ ಎತ್ತಿ ತರೂ ತ್ರಾಸ ಇಲ್ಲ."

ಭಾಯಿ ಅಲ್ಲಿಗೆ ಸೋತರು. "ಹಂಗಾದ್ರ ಖರೇನ ಅದು ಸ್ವರ್ಗನ ಬಿಡು," ಎಂದರು. ಗದಗ-ಬೆಟಗೇರಿಯಲ್ಲಿ ನೀರಿಗೆ ಕೊಡ ಹಿಡಿದು ನಿಂತವರಿಗೆ ಇದಕ್ಕಿಂತ ದೊಡ್ಡ ವಾದ ಬೇಕಿಲ್ಲ.

ಇನ್ನು ಹಾಡು. ಮಾಮಾನ ಕಂಠ ದೊಡ್ಡದು. ಶ್ರುತಿಗೂ ಅದಕ್ಕೂ ಅಂಥಾ ಸಲಿಗೆ ಇರಲಿಲ್ಲ. ಆದರೆ ಚರ್ಚಿನ ಸಭೆಯವರ ತಕರಾರು ಅದಲ್ಲ. ಹಾಡು ಮುಗಿದು, ಹಾರ್ಮೋನಿಯಂ ನಿಂತು, ಎಲ್ಲರೂ ಕೂತ ಮೇಲೂ ಮಾಮಾ ನಿಂತೇ ಇರುತ್ತಿದ್ದರು, ಹಾಡುತ್ತಲೇ ಇರುತ್ತಿದ್ದರು! ಸಭಾಪಾಲಕರು ಪ್ರಸಂಗದ ಹಾಳೆ ಹಿಡಿದು ಕಾಯಬೇಕು. ಕೊನೆಗೆ ಮಾಮಿ ಅಂಗಿ ಹಿಡಿದು ಜಗ್ಗಬೇಕು. ಹಿರಿಯರೊಬ್ಬರು ಬುದ್ಧಿ ಹೇಳಲು ಹೋದರು. ಮಾಮಾ ಅವರಿಗೇ ಕೇಳಿದರು:

"ಅಲ್ಲಿ ಹಗಲೂ ರಾತ್ರಿ ಹಾಡೂದೈತಿ. ನಾಕ ಚರಣಕ್ಕ ದಣದು ಕುಂತ್ರ ಅಲ್ಲಿ ಹೋಗಿ ಏನ ಮಾಡಾವ್ರು ನೀವು?"

 

ಒಂದು ವರ್ಷ ಆ ಕಂಠ ಗೊಗ್ಗರಾಯಿತು. ಥಂಡಿ ಅಂದರು. ಕಷಾಯ ಆಯಿತು, ಕಾಳುಮೆಣಸು ಆಯಿತು, ಭಾಯಿ ತಂದ ಜೇನುತುಪ್ಪ ಆಯಿತು. ಚರ್ಚಿನಲ್ಲಿ ಹಾಡುಗಳು ಸರಿಯಾದ ಹೊತ್ತಿಗೆ ಮುಗಿಯತೊಡಗಿದವು. ಕೆಲವರಿಗೆ ಹಿತವೆನಿಸಿದ್ದೂ ಉಂಟು. ನಂತರ ನುಂಗುವಾಗ ನೋವು ಬಂತು. ಮಾಮಿ ಮತ್ತು ನಾನು ಅವರನ್ನು ಹುಬ್ಬಳ್ಳಿಗೆ ಕರೆದೊಯ್ದೆವು.

ಡಾಕ್ಟರು ನಿಧಾನವಾಗಿ, ಸ್ಪಷ್ಟವಾಗಿ ಹೇಳಿದರು. ಗಂಟಲಲ್ಲಿ ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು. ಕುತ್ತಿಗೆಯ ಮುಂದೆ ಒಂದು ತೂತು ಇಡುತ್ತಾರೆ, ಇನ್ನು ಮುಂದೆ ಉಸಿರಾಟ ಅದರಿಂದಲೇ. ತೆಗೆಯದಿದ್ದರೆ ಹೆಚ್ಚು ದಿನ ಇಲ್ಲ. ತೆಗೆದರೆ ಬದುಕುವ ಆಸೆ ಇದೆ.

"ಮಾತು?" ಮಾಮಿ ಕೇಳಿದರು.

"ಬರೂದಿಲ್ರಿ."

"ಹಾಡು?" ಮಾಮಾ ಕೇಳಿದರು.

ಡಾಕ್ಟರು ನನ್ನ ಮುಖ ನೋಡಿದರು. ಮಾಮಾ ಎದ್ದು ಕೈಮುಗಿದು, "ಬರ್ತೀನ್ರಿ" ಎಂದು ಹೊರಗೆ ನಡೆದುಬಿಟ್ಟರು.

ಬೆಟಗೇರಿಗೆ ಬಂದವರು ಮತ್ತೆ ಮಗ್ಗಕ್ಕೆ ಕೂತರು. ಯಾರು ಹೇಳಿದರೂ ಕೇಳಲಿಲ್ಲ. ಸಭಾಪಾಲಕರು ಮನೆಗೇ ಬಂದು, ಪರಲೋಕದಲ್ಲಿ ಹೊಸ ಶರೀರ ಸಿಗುತ್ತದೆ, ಹೊಸ ಕಂಠವೂ ಸಿಗುತ್ತದೆ ಎಂದು ಸಮಾಧಾನ ಹೇಳಿದರು.

"ಸಿಗತೈತ್ರಿ ಅಯ್ಯನೋರ, ಖರೆ," ಎಂದರು ಮಾಮಾ. ಹೊರಬರುತ್ತಿದ್ದ ದನಿ ಆಗಲೇ ಅರ್ಧ ಗಾಳಿ. "ಆದ್ರ ಅರಸ ಇದನ್ನ ನನಗ ಹಾಡಾಕಂತ ಕೊಟ್ಟಾನ. ಹುಬ್ಬಳ್ಯಾಗ ಬಿಟ್ಟಬಂದೆ ಅಂತ ಅವನ ಮುಂದ ನಿಂತ ಹೆಂಗ ಹೇಳ್ಲಿ? ಲಾಳಿ ಕಳಕೊಂಡ ನೇಕಾರನಂಗ ನಿಂದರ್ಲೇನು?"

ಮಾಮಿ ನೂಲಿನ ಕಂಡಿಕೆ ಸುತ್ತುತ್ತಿದ್ದ ರಾಟೆಯನ್ನು ದಬ್ಬಿ ಎದ್ದರು.

"ನಿಮ್ಮ ಅರಸನ ಹಂತ್ಯಾಕ ಹಾಡಾವ್ರು ಲಕ್ಷಗಟ್ಲೆ ಮಂದಿ ಅದಾರ. ನೀವ ಓದಿ ಹೇಳೀರಿ. ನನ್ನ ಹಂತ್ಯಾಕ ಯಾರ ಅದಾರ್ರಿ?"

ಅವರಿಗೆ ಮಕ್ಕಳಿಲ್ಲ. ಸಭಾಪಾಲಕರು ತಲೆ ತಗ್ಗಿಸಿದರು. ಮಾಮಾ ಲಾಳಿ ಎಸೆದರು. ಅದು ಒಂದು ಬದಿಯಲ್ಲೇ ನಿಂತುಬಿಟ್ಟಿತು.

 ಆಮೇಲೂ ಮಾಮಾ ಎಂದಿನಂತೆ ಸಂಜೆ ಬೈಬಲ್ ಓದುತ್ತಿದ್ದರು, ಮಾಮಿ ಎಂದಿನಂತೆ ಕಂಡಿಕೆ ಸುತ್ತುತ್ತ ಕೇಳುತ್ತಿದ್ದರು. ಅಂಥ ಒಂದು ಸಂಜೆ ನಾನೂ ಇದ್ದೆ, ಭಾಯಿಯೂ ಇದ್ದರು. ಮಾಮಿ ರಾಟೆ ನಿಲ್ಲಿಸಿದರು.

"ಅದನ್ನ ಇನ್ನೊಮ್ಮಿ ಓದ್ರಿ."

ಮಾಮಾ ಓದಿದರು. ಆ ದರಬಾರಿನ ಸುರುಳಿಯ ಏಳನೆಯ ಮುದ್ರೆ ಒಡೆದಾಗ ಪರಲೋಕದಲ್ಲಿ ಸುಮಾರು ಅರ್ಧ ತಾಸು ಎಲ್ಲ ನಿಶ್ಶಬ್ದವಾಯಿತು, ಎಂದು ಬರುವ ಜಾಗ.

"ಆವಾಗ ಯಾರೂ ಹಾಡೂದಿಲ್ಲೇನು?"

"ಇಲ್ಲ."

"ಆ ನಾಕ ಪ್ರಾಣಿ?"

"ಅವೂ ಇಲ್ಲ."

"ಹಂಗಾದ್ರ ಆ ಅರ್ಧ ತಾಸು ನಿಮ್ಮ ಪಾಳಿ. ಸುಮ್ಮನಿರಾವ್ರೂ ಬೇಕಲ್ಲ ಅರಸಗ."

ಮಾಮಾ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ಓದಿದರು. ಆಮೇಲೆ ನಾನೂ ಓದಿ ನೋಡಿದೆ. ಏನಾಯಿತು, ಎಲ್ಲಿ, ಎಷ್ಟು ಹೊತ್ತು, ಎಲ್ಲ ಇದೆ. ಯಾಕೆ ಎಂಬುದನ್ನು ಮಾತ್ರ ಬರೆದವರು ಹೇಳಿಲ್ಲ.

"ಅರ್ಧ ತಾಸಿಂದೇನೋ ಆತು," ಎಂದರು ಮಾಮಾ. "ಉಳದ ಹೊತ್ತ ಏನ ಮಾಡ್ಲಿ?"

"ಉಳದದ್ದ ಅಲ್ಲೇ ಹೋಗಿ ನೋಡೂಣು. ಮೊದಲ ಹುಬ್ಬಳ್ಳಿ ಬಸ್ ಹತ್ರಿ!"

ಭಾಯಿ ಜೋರಾಗಿ ನಕ್ಕರು. ನಗುತ್ತಲೇ ಎದ್ದು, ಮುಖ ಆಚೆ ತಿರುಗಿಸಿಕೊಂಡು ಹೊರಗೆ ಹೋದರು.

ಆಪರೇಷನ್ನಿನ ದಿನ ಬೆಳಿಗ್ಗೆ ವಾರ್ಡಿನಲ್ಲಿ ನಾವು ಮೂವರೂ ಇದ್ದೆವು. ಭಾಯಿ ಹೇಳಿದರು, "ಏನರ ಹೇಳೂದಿದ್ರ ಈಗ ಹೇಳಿಬಿಡಪಾ. ಆಮ್ಯಾಲ ನನ್ನ ಮಾತ ನಡೀತೈತಿ." ಇಡೀ ಆಯುಷ್ಯದ ಕೊನೆಯ ಮಾತು! ಪರಲೋಕದ ಬಗ್ಗೆ ಏನಾದರೂ ಬರಬಹುದೆಂದು ನಾನು ಹತ್ತಿರ ಸರಿದೆ. ಮಾಮಾ ಹೇಳಿದರು:

"ಕುರ್ಚಿದು ಹಿಂದಿನ ಕಾಲು ಅಳ್ಳಾಡಾಕ ಹತ್ತೈತಿ. ನೋಡು."

ಗಾಲಿಮಂಚ ತಳ್ಳುವವರು ಬಂದರು. ಬಾಗಿಲ ಬಳಿ ಮಾಮಾ ಕೈಯೆತ್ತಿ ನಿಲ್ಲಿಸಿದರು. ಮಾಮಿಯನ್ನು ಹೆಸರು ಹಿಡಿದು ಕರೆದರು. ಅಲ್ಲಿಯವರೆಗೆ ಅವರು ಹೆಂಡತಿಯ ಹೆಸರು ಹೇಳಿದ್ದನ್ನು ನಾನು ಕೇಳಿರಲಿಲ್ಲ. "ಇಕಿ", "ಏ ಇಲ್ಲಿ ನೋಡಿಲ್ಲೆ", ಅಷ್ಟೇ. ಮಾಮಿ ಓಡಿ ಹೋದರು. ಮಾಮಾನಿಗೆ ಹೆಸರು ಹೇಳುವುದಷ್ಟೇ ಇತ್ತೇನೋ. ಮಂಚ ಒಳಗೆ ಹೋಯಿತು.

ಮುಂದೆ ಎರಡು ಮಳೆಗಾಲ ಅವರು ನಮ್ಮೊಂದಿಗಿದ್ದರು. ಕೊರಳಿಗೆ ಮಾಮಿ ಹೊಲಿದ ಬಿಳಿ ಅರಿವೆ ಕಟ್ಟಿಕೊಂಡು ನೇಯುತ್ತಿದ್ದರು, ಭಾಯಿಯ ಚೇಷ್ಟೆಗೆ ಕೈಯಲ್ಲೇ ಉತ್ತರ ಕೊಡುತ್ತಿದ್ದರು, ಭಾನುವಾರ ಚರ್ಚಿಗೆ ಹೋಗಿ ನಿಲ್ಲುತ್ತಿದ್ದರು. ಮಾಮಿಗೆ ಒಂದು ಕೊರಗು ಉಳಿಯಿತು. ನನ್ನೊಬ್ಬನಿಗೆ ಹೇಳಿದ್ದರು: "ನನ್ನ ಸಲುವಾಗಿ ಅವರನ್ನ ಮೂಕ ಮಾಡಿ ಇಟ್ಟೆನೇನೋ ತಮ್ಮಾ. ಅವರಿಗೆ ಕೇಳಿದ್ರ ನಗತಾರ. ಆ ನಗಿ ನಂಬೂದ ಹೆಂಗ?" 

ಮತ್ತೆ ಕಾಯಿಲೆ ಮರಳಿತು. ಈ ಸಲ ಡಾಕ್ಟರು ಮನೆಗೆ ಕರೆದೊಯ್ಯಿರಿ ಎಂದರು.

ಅದೊಂದು ಭಾನುವಾರದ ಮುಂಜಾನೆ. ಮಾಮಾ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಚರ್ಚು ಅವರ ಓಣಿಯ ತುದಿಯಲ್ಲೇ. ಕಿಟಕಿಯಿಂದ ಸಭೆಯ ಹಾಡು ಕೇಳುತ್ತಿತ್ತು. ಮಾಮಿ ಅರಿವೆ ಬದಲಿಸಲೆಂದು ಕೊರಳಿನದನ್ನು ಬಿಚ್ಚಿದರು. ಬಿಚ್ಚಿದವರು ಹೊಸದನ್ನು ಕಟ್ಟಲಿಲ್ಲ. ಅಂಗೈಯನ್ನು ಆ ತೂತಿನ ಮುಂದೆ, ಬೆರಳಷ್ಟು ದೂರದಲ್ಲಿ ಹಿಡಿದು ಕೂತುಬಿಟ್ಟರು. ಅವರ ಮುಖ ನೋಡಿ ನಾನು ಗಾಬರಿಯಾದೆ.

"ಏನಾತು ಮಾಮಿ?"

"ಇಲ್ಲಿ ಬಾ. ನಿನ್ನ ಕೈ ಹಿಡಿ."

ನಾನು ಅಂಗೈ ಹಿಡಿದೆ. ಬಿಸಿ ಉಸಿರು ತಾಗಿತು. ನಿದ್ದೆಯ ಉಸಿರು ಒಂದೇ ಸಮ ಬರುತ್ತದೆ, ಇದು ಹಾಗಿರಲಿಲ್ಲ. ಒಂದು ಉದ್ದ, ಎರಡು ತುಂಡು, ಒಂದು ಉದ್ದ. ಅಲ್ಲಿ ಸಭೆ ಸಾಲಿನ ಕೊನೆಗೆ ಬಂದಾಗ ಇಲ್ಲಿ ಉಸಿರು ತಡೆಯುತ್ತಿತ್ತು. ಅಲ್ಲಿ ಹೊಸ ಸಾಲು ಎತ್ತಿದಾಗ ನನ್ನ ಅಂಗೈಗೆ ಮತ್ತೆ ಬಿಸಿ ತಾಗುತ್ತಿತ್ತು. ತುಟಿ ಅಲುಗುತ್ತಿರಲಿಲ್ಲ. ದನಿ ಇರಲಿಲ್ಲ. ಕಂಡದ್ದನ್ನೇ ಬರೆಯುವವನು ನಾನು. ಇದನ್ನು ಕಾಣಲಿಲ್ಲ, ಆದರೂ ಬರೆಯುತ್ತಿದ್ದೇನೆ.

"ಯಾವಾಗಿಂದ ಹಿಂಗ ಹಾಡಾಕ ಹತ್ತ್ಯಾರ?" ಎಂದೆ.

ಮಾಮಿ ಅಳುತ್ತಿದ್ದರು, ನಗುತ್ತಲೂ ಇದ್ದರು.

"ಯಾರಿಗ್ಗೊತ್ತು! ಮೊದಲಿಂದನೂ ಇರಬೇಕು. ಅರಿವಿ ಕಟ್ಟಿ ಕುಂದರಸಿದ್ದೆ ನಾನು. ಸಾಕು, ತಗಿ ಕೈ."

ನನ್ನ ಕೈಯನ್ನು ಸರಿಸಿ, ಅಲ್ಲಿ ತಮ್ಮ ಕೈ ಹಿಡಿದರು.