ಷಡ್ಡಕನ ನಗು, ನನ್ನ ನವಣೆ

ಇನ್ನೊಂದು ತಿಂಗಳಲ್ಲಿ ಇಡೀ ಬಸವಾಪಟ್ಟಣದಲ್ಲಿ ನನ್ನಷ್ಟು ನಗುವ ಗಂಡಸು ಇನ್ನೊಬ್ಬನಿರಬಾರದು! ಎಪ್ಪತ್ತೊಂಬತ್ತನೇ ಇಸವಿಯ ಯುಗಾದಿ ಕಳೆದ ಮೇಲೆ ನಾನು ಹೀಗೊಂದು ಭೀಷ್ಮಪ್ರತಿಜ್ಞೆ ಮಾಡಿದೆ. ಹೈಸ್ಕೂಲಿನ ಲೆಕ್ಕದ ಮೇಷ್ಟ್ರಾದ ನನಗೆ ನಗುವ ಅಭ್ಯಾಸ ಅಷ್ಟಾಗಿ ಇರಲಿಲ್ಲ. ಬೆಳಿಗ್ಗೆ ಎದ್ದರೆ ಮನಸ್ಸಿಗೆ ಮಂಕು, ಸಂಜೆಯಾದರೆ ಜಗತ್ತೇ ಬೇಡ. ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದಿದ್ದದ್ದು ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ನ್ಯಾಮತಿಯ ಹಾಲಸ್ವಾಮಿಯನ್ನು!

ಆ ಮಹಾಶಯ ಬಸ್ಸು ತಪ್ಪಿದರೂ ನಗುತ್ತಾನೆ. ನನಗಿಂತ ದೊಡ್ಡವನು, ಆದರೂ ತಲೆ ತುಂಬ ಕಪ್ಪು ಕೂದಲು! ನನ್ನ ಹೆಂಡತಿ ನಿರ್ಮಲಮ್ಮನಿಗೆ ಹೊತ್ತು ಹೊತ್ತಿಗೂ ಅವನದೇ ಪಾರಾಯಣ.

"ನಮ್ಮ ಭಾವನ್ನ ನೋಡ್ರಿ, ಹೆಂಗಿರ್ತಾರೆ! ನವಣೆ ಅನ್ನ, ಮಜ್ಜಿಗೆ, ಮುಂಜಾನೆ ನಡಿಗೆ. ಟೀ ಇಲ್ಲ, ಎಲೆ-ಅಡಿಕೆ ಇಲ್ಲ. ಅದಕ್ಕೇ ಮನಸು ಹಗುರ ಐತೆ ಅಂತಾರೆ."

"ನನ್ನ ಮನಸ್ಸು ಭಾರ ಆಗಿರೋದೇ ನಿಮ್ಮ ಭಾವನಿಂದ ಕಣೇ!"

ಹೊಟ್ಟೆಕಿಚ್ಚು ಅಂತೀರಾ? ಹೌದ್ರೀ, ಹೊಟ್ಟೆಕಿಚ್ಚೇ! ಅಂದೇ ಟೀ ಬಿಟ್ಟೆ, ಅಡಿಕೆ ಬಿಟ್ಟೆ, ಸಂಜೆಯ ಮಂಡಕ್ಕಿ-ಮೆಣಸಿನಕಾಯಿಗೆ ಕಣ್ಣೀರಿಟ್ಟು ವಿದಾಯ ಹೇಳಿದೆ. ನವಣೆ ನುಂಗಿದೆ.

ವಾರದೊಳಗೇ ಫಲ ಕಂಡಿತು. ಟೀ ಕಾಣದ ತಲೆ ಸಿಡಿಯತೊಡಗಿತು. ಸರಿ ಉತ್ತರ ಹೇಳಿದ ಹುಡುಗರನ್ನೂ ಬೆಂಚಿನ ಮೇಲೆ ನಿಲ್ಲಿಸಿದೆ. "ರಜಾ ಹಾಕ್ರಿ ಸಾರ್, ಮಕ್ಕಳು ಹೆದರ್ತಾವೆ" ಅಂದರು ಹೆಡ್ಮೇಷ್ಟ್ರು. "ಸಾಕು ಬಿಡ್ರಿ" ಅಂದಳು ನಿರ್ಮಲಮ್ಮ.

"ಹಾಲಸ್ವಾಮಿ ಕೈಲಿ ಆಗೋದು ನನ್ನ ಕೈಲಿ ಆಗಲ್ವಾ?" ಎಂದು ಗುಡುಗಿದೆ.

ಇಂಥ ಸುಮುಹೂರ್ತದಲ್ಲೇ ಮಗಳು ರುದ್ರಾಣಿಯ ಸಂಬಂಧ ಮಾತಾಡಲು ಹೊನ್ನಾಳಿಯವರು ಬಂದರು. ಹುಡುಗ ಮಗಳಿಗೆ ಬಹಳ ಹಿಡಿಸಿದ್ದ. ಹುಡುಗನ ತಂದೆ ಮರುಳಪ್ಪನವರು ದೊಡ್ಡ ಅಡಿಕೆ ವ್ಯಾಪಾರಿ. ಹಿರಿಯನೆಂದು ಹಾಲಸ್ವಾಮಿಯನ್ನೂ ಕರೆಸಿದ್ದಳು ನನ್ನಾಕೆ. ಅವನ ಒಂದೊಂದು ಮಾತಿಗೂ ಬಂದವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ನನ್ನ ಮನೆಯಲ್ಲಿ, ನನ್ನ ಚಾಪೆಯ ಮೇಲೆ ಕೂತು!

ಮಾತು ಮುಗಿದು ಮರುಳಪ್ಪನವರು ಎಲೆ-ಅಡಿಕೆ ತಟ್ಟೆಯನ್ನು ನನ್ನ ಮುಂದೆ ಹಿಡಿದರು. ಹೆಣ್ಣಿನ ತಂದೆ ವೀಳ್ಯ ಎತ್ತಿ ಬಾಯಿಗೆ ಹಾಕಿಕೊಂಡರೆ ಸಂಬಂಧ ಗಟ್ಟಿ. ತಟ್ಟೆ ಹಿಂದಕ್ಕೆ ಹೋಯಿತೋ, ಸಂಬಂಧವೂ ಹಿಂದಕ್ಕೆ. ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ತಲೆ ಸಿಡಿಯುತ್ತಿತ್ತು, ಕಣ್ಣು ಹಾಲಸ್ವಾಮಿಯ ನಗುವಿನ ಮೇಲಿತ್ತು. ಅವನೆದುರು ವ್ರತ ಮುರಿಯುವುದೇ? ಛೆ! ತಟ್ಟೆಯನ್ನು ತಳ್ಳಿಬಿಟ್ಟೆ.

"ಬೇಡ್ರೀ. ಅಡಿಕೆ ತಿಂದ್ರೆ ಮನಸು ಕೆಡ್ತೈತೆ!"

ಮರುಳಪ್ಪನವರ ಮೀಸೆ ಅದುರಿತು. "ಹಂಗಾದ್ರೆ ನಮ್ಮಜ್ಜನ ಕಾಲದಿಂದ ನಾವು ಊರೋರ ಮನಸು ಕೆಡಿಸ್ಕೊಂತ ಬಂದೀವಿ ಅನ್ರಿ! ಏಳ್ರಪ್ಪಾ, ಹೊಂಡ್ರಿ!"

ಅಡುಗೆಮನೆ ಬಾಗಿಲಲ್ಲಿ ರುದ್ರಾಣಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಕಣ್ಣು ತುಂಬಿತ್ತು. ನಾನು ತಟ್ಟೆಗೆ ಕೈ ಚಾಚುವಷ್ಟರಲ್ಲಿ ಹಾಲಸ್ವಾಮಿ ತಟ್ಟೆ ಹಿಡಿದು, ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಬಾಯಿ ತುಂಬಿಕೊಂಡ.

"ಕೂಡ್ರಿ ಬೀಗರೇ! ನಾನು ಹುಡುಗಿ ದೊಡ್ಡಪ್ಪ. ನಾ ತಿಂದ್ರೆ ಅವರು ತಿಂದಂಗೆ. ಪಾಪ, ಅವರಿಗೆ ನವಣೆ ತಲೆಗೇರೈತೆ!"

ಮರುಳಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಬಂಧ ಉಳಿಯಿತು. ನಾನು ಹಾಲಸ್ವಾಮಿಯ ಕಿವಿಯಲ್ಲಿ ಬುಸುಗುಟ್ಟಿದೆ: "ಅಡಿಕೆ ಬಿಟ್ಟಿದೀನಿ ಅಂದಿದ್ರಿ?"

"ಬಿಟ್ಟಿದ್ದೆ ಕಣಪ್ಪಾ. ಅದೇನು ಮಗಳಿಗಿಂತ ಹೆಚ್ಚಾ?"

ಇದಕ್ಕೂ ಹೊಟ್ಟೆ ಉರಿಯಿತು. ಈ ಮಾತು ನನಗೆ ಹೊಳೆಯಬೇಕಿತ್ತಲ್ಲ! ಸಾಲದ್ದಕ್ಕೆ ಮರುಳಪ್ಪನವರು ಹೊರಡುವಾಗ ಅವನ ಕೈ ಹಿಡಿದು, "ಧಾರೆ ಎರೆಯಾಕೂ ನೀವೇ ನಿಲ್ರಿ" ಅಂದು ಹೋದರು.

ಬೀಗರು ಮರೆಯಾದದ್ದೇ ತಡ, ನಾನು ಕೂಗಾಡಿದೆ. "ಹುಡುಗಿ ಅಪ್ಪ ನಾನು! ಧಾರೆ ಎರೆಯೋನು ನಾನು!"

ರುದ್ರಾಣಿ ಕಣ್ಣೊರೆಸಿಕೊಂಡು ಮುಂದೆ ಬಂದಳು.

"ನೀವೇ ಎರೀರಿ ಅಪ್ಪಾ, ಯಾರು ಬ್ಯಾಡ ಅಂದ್ರು? ಆದ್ರೆ ನಿಮ್ಮ ಕಾಲಿಗೆ ಬೀಳ್ತೀನಿ, ಮದುವೆ ಮುಗಿಯೋ ತನಕ ಟೀ ಕುಡಿದು, ಅಡಿಕೆ ತಿಂದು ಸ್ವಲ್ಪ ಆರೋಗ್ಯ ಕೆಡಿಸ್ಕಳ್ರಿ!"